ಲ್ಯಾಂಡಿಂಗ್‌ನಲ್ಲಿ ಜಿಗಿಯುವ ರೇಲಿಂಗ್, 119 ಮಿಲಿಮೀಟರ್ ಸಂದು: ರೆವಿಟ್ ಬಲ್ಲವರು ದಯವಿಟ್ಟು ನೋಡಿ

ಮೂಲೆಮನೆ
ಎಲ್ಲರಿಗೂ ನಮಸ್ಕಾರ. ಬೆಂಗಳೂರಿನಲ್ಲಿ ಕುಳಿತು ಇಂಗ್ಲೆಂಡಿನ ಮನೆಗಳ ಮಾದರಿಗಳನ್ನು ರೆವಿಟ್ ಎಂಬ ಕಟ್ಟಡ ವಿನ್ಯಾಸದ ತಂತ್ರಾಂಶದಲ್ಲಿ ಸಿದ್ಧಪಡಿಸುವ ಸಣ್ಣ ಕಚೇರಿಯೊಂದರಲ್ಲಿ ಎರಡು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಗೋಡೆ, ಕಿಟಕಿ, ಚಾವಣಿ ಇವೆಲ್ಲ ಹೇಳಿದ ಮಾತು ಕೇಳುತ್ತವೆ. ರೇಲಿಂಗ್ ಮಾತ್ರ ಮೊದಲ ದಿನದಿಂದಲೂ ಹಟಮಾರಿ.

ಈಗಿನ ಮನೆಯಲ್ಲಿ ನಡುವೆ ಲ್ಯಾಂಡಿಂಗ್ (ಮಟ್ಟಸವಾದ ಕಟ್ಟೆ) ಇದ್ದು ಹಿಂದಕ್ಕೆ ತಿರುಗಿ ಏರುವ ಮೆಟ್ಟಿಲಿದೆ. ರೈಸರ್ (ಒಂದು ಮೆಟ್ಟಿಲಿನ ಎತ್ತರ) 165, ಟ್ರೆಡ್ (ಕಾಲಿಡುವ ಭಾಗ) 270 ಮಿಲಿಮೀಟರ್, ಒಟ್ಟು 16 ರೈಸರ್‌ಗಳು. ಪಕ್ಕ ತೆರೆದಿರುವ ಮೆಟ್ಟಿಲಾದ್ದರಿಂದ 16 ಮಿಲಿಮೀಟರಿನ ಚೌಕ ಸರಳುಗಳು ಪ್ರತಿ ಟ್ರೆಡ್‌ನ ಮೇಲೆ ನೇರವಾಗಿ ನಿಲ್ಲುತ್ತವೆ. ನಿನ್ನೆ ನಕ್ಷೆ ಮೂರು ಕೆಂಪು ಗುರುತುಗಳೊಂದಿಗೆ ಮರಳಿ ಬಂದಿದೆ. ಒಂದು, ಮೆಟ್ಟಿಲಿನ ಸರಳುಗಳ ನಡುವಿನ ಸಂದು 119 ಮಿಲಿಮೀಟರ್ ಇದೆ. ಎರಡು, ಮೇಲಿನ ಮಹಡಿಯ ಪ್ಯಾಸೇಜಿನ ಅಂಚಿನಲ್ಲಿರುವ 1,080 ಮಿಲಿಮೀಟರ್ ಉದ್ದದ ತುಂಡಿನಲ್ಲಿ ಸಂದು 104 ಇದೆ, ಆದರೆ ನಾನು ಅಲ್ಲಿ 110 ಎಂದೇ ಟೈಪ್ ಮಾಡಿದ್ದೆ. ಮೂರು, ನಡುವಿನ ಲ್ಯಾಂಡಿಂಗ್‌ನಲ್ಲಿ ಕೈಹಿಡಿ ಒಮ್ಮೆಲೇ ನೆಟ್ಟಗೆ ಮೇಲಕ್ಕೆ ಜಿಗಿದು ಮುಂದೆ ಸಾಗುತ್ತದೆ. ನೋಡಲು ಅಸಹ್ಯವಾಗಿದೆ. ಇದು ತಂತ್ರಾಂಶದ ದೋಷವೋ ನನ್ನ ದೋಷವೋ ತಿಳಿಯುತ್ತಿಲ್ಲ.

ಕರಡುಪ್ರತಿ
ತಂತ್ರಾಂಶದ ದೋಷವೇ. ರೆವಿಟ್‌ನ ರೇಲಿಂಗ್‌ಗೆ ಸಮಯ ಕಳೆಯುವ ಬದಲು ಆರ್ಕಿಕ್ಯಾಡ್ ಎಂಬ ಇನ್ನೊಂದು ತಂತ್ರಾಂಶಕ್ಕೆ ಬನ್ನಿ. ಅದರ 21ನೆಯ ಆವೃತ್ತಿಯಲ್ಲೇ, ಅಂದರೆ 2017ರಲ್ಲಿ, ಮೆಟ್ಟಿಲು ಮತ್ತು ರೇಲಿಂಗ್‌ಗೆಂದೇ ಹೊಸ ಉಪಕರಣಗಳನ್ನು ಕೊಟ್ಟಿದ್ದಾರೆ.

ನಕ್ಷೆಗಾರ
ಕರಡುಪ್ರತಿಯವರೇ, ಯಾರು ಯಾವ ಪ್ರಶ್ನೆ ಕೇಳಿದರೂ ನೀವು ಕೊಡುವ ಉತ್ತರ ಒಂದೇ. ಅವರ ಗ್ರಾಹಕರು ರೆವಿಟ್ ಕಡತವನ್ನೇ ಕೇಳುತ್ತಿರುವಾಗ ಅವರು ತಂತ್ರಾಂಶವನ್ನು ಬದಲಿಸುವುದು ಹೇಗೆ?

ಮೂಲೆಮನೆಯವರೇ, ಮೊದಲನೆಯ ಗುರುತಿಗೆ ಉತ್ತರ ನಿಮ್ಮ ಬರಹದಲ್ಲೇ ಇದೆ. ನೀವು "ಬಾಲಸ್ಟರ್ ಪರ್ ಟ್ರೆಡ್" (ಪ್ರತಿ ಟ್ರೆಡ್‌ಗೆ ಎಷ್ಟು ಸರಳು) ಆಯ್ಕೆಯನ್ನು ಆನ್ ಮಾಡಿ ಸಂಖ್ಯೆ 2 ಎಂದು ಕೊಟ್ಟಿರಬೇಕು. 270ನ್ನು ಎರಡರಿಂದ ಭಾಗಿಸಿದರೆ 135, ಅದರಲ್ಲಿ ಸರಳಿನ ದಪ್ಪ 16 ಕಳೆದರೆ 119. ರೆವಿಟ್ ಪರದೆಯ ಬಾಲಸ್ಟರ್ ಪ್ಲೇಸ್‌ಮೆಂಟ್ ಕಿಟಕಿಯಲ್ಲಿ ನಾವು ತುಂಬುವ ಅಂತರ ಒಂದು ಸರಳಿನ ನಡುಗೆರೆಯಿಂದ ಮುಂದಿನದರ ನಡುಗೆರೆಯವರೆಗಿನದು. ಇಂಗ್ಲೆಂಡಿನ ಕಟ್ಟಡ ನಿಯಮಗಳ ಮಾರ್ಗದರ್ಶಿಯಾದ ಅಪ್ರೂವ್ಡ್ ಡಾಕ್ಯುಮೆಂಟ್ ಕೆ ಕೇಳುವುದಾದರೋ ಖಾಲಿ ಜಾಗವನ್ನು. ಐದು ವರ್ಷದೊಳಗಿನ ಮಕ್ಕಳು ಇರಬಹುದಾದ ಕಟ್ಟಡದಲ್ಲಿ 100 ಮಿಲಿಮೀಟರಿನ ಗೋಲ ತೂರಬಾರದು ಎಂಬುದು ಅದರ ನಿಯಮ. ಈ ಎರಡರ ವ್ಯತ್ಯಾಸವನ್ನು ಮರೆತು ನಾನೂ ಒಂದು ಇಡೀ ವಸತಿ ಸಮುಚ್ಚಯದ ರೇಲಿಂಗನ್ನು ಮತ್ತೆ ಮಾಡಿದ್ದೇನೆ.

ಸಂಖ್ಯೆಯನ್ನು 3 ಮಾಡಿ. 90ರಲ್ಲಿ 16 ಕಳೆದರೆ 74 ಉಳಿಯುತ್ತದೆ.

ಮೂಲೆಮನೆ
ಸರ್, ಹೌದು, 2 ಎಂದೇ ಕೊಟ್ಟಿದ್ದೆ, ನೋಡಲು ಚೆನ್ನಾಗಿತ್ತು ಎಂಬ ಒಂದೇ ಕಾರಣಕ್ಕೆ. ಆದರೆ 3 ಮಾಡಿದರೆ 14 ಟ್ರೆಡ್‌ಗಳಿಗೆ 28 ಇದ್ದ ಸರಳುಗಳು 42 ಆಗುತ್ತವೆ. ಜೈಲಿನ ಕಂಬಿಗಳಂತೆ ಕಾಣುತ್ತದೆ ಎಂದು ನಮ್ಮ ಮೇಲಿನವರು ಒಪ್ಪುತ್ತಿಲ್ಲ. ಟ್ರೆಡ್‌ನ ಲೆಕ್ಕ ಬಿಟ್ಟು 115ಕ್ಕೆ ಒಂದರಂತೆ ಸಾಲಾಗಿ ಇಟ್ಟರೆ ಸಂದು 99 ಬರುತ್ತದೆ, ಸರಳುಗಳೂ ಕಡಿಮೆ ಸಾಕಾಗುತ್ತವೆ. ಅದು ನಡೆಯುವುದಿಲ್ಲವೇ?

ಸರಳುಕಂಬಿ
ನಮ್ಮ ತಂದೆಯದು ದಾವಣಗೆರೆಯಲ್ಲಿ ವೆಲ್ಡಿಂಗ್ ಅಂಗಡಿ. ನಾನು ಅಲ್ಲೇ ಬೆಳೆದು ಈಗ ಕಂಪ್ಯೂಟರಿನ ಮುಂದೆ ಕುಳಿತಿದ್ದೇನೆ, ಆದ್ದರಿಂದ ಇದಕ್ಕೆ ಅಂಗಡಿಯ ಕಡೆಯಿಂದ ಉತ್ತರ ಹೇಳುತ್ತೇನೆ.

ಸರಳು ಟ್ರೆಡ್‌ನ ಮೇಲೆ ನಿಂತರೆ ಅದರ ಬುಡ ಮಟ್ಟಸ, ತಲೆ ಮಾತ್ರ ಇಳಿಜಾರಿನಲ್ಲಿ ಏರುತ್ತದೆ. ಟ್ರೆಡ್‌ಗೆ ಮೂರರಂತೆ 90ಕ್ಕೊಂದು ಇಟ್ಟರೆ ಒಂದಕ್ಕಿಂತ ಮುಂದಿನದು 55 ಮಿಲಿಮೀಟರ್ ಉದ್ದ, ಏಕೆಂದರೆ 270ಕ್ಕೆ 165 ಏರುವ ಇಳಿಜಾರು 90ಕ್ಕೆ 55 ಏರುತ್ತದೆ. ಹಾಗಾಗಿ ಇಡೀ ಮೆಟ್ಟಿಲಿಗೆ ಮೂರೇ ಅಳತೆ ಸಾಕು. ಕತ್ತರಿಸುವವನು ಮೂರು ರಾಶಿ ಮಾಡಿಟ್ಟುಕೊಂಡು ಒಂದೊಂದರಿಂದ ಒಂದೊಂದು ಎತ್ತಿ ಬೆಸೆಯುತ್ತಾ ಹೋಗುತ್ತಾನೆ. 115ಕ್ಕೆ ಒಂದರಂತೆ ಇಟ್ಟರೆ ಪ್ರತಿ ಸರಳೂ ಟ್ರೆಡ್‌ನ ಬೇರೆ ಬೇರೆ ಜಾಗದಲ್ಲಿ ಬೀಳುತ್ತದೆ, ಒಂದು ಸರಿಯಾಗಿ ಅಂಚಿನ ಮೇಲೆ, ಇನ್ನೊಂದು ರೈಸರ್‌ಗೆ ತಾಗಿಕೊಂಡು. ಉದ್ದವೂ ಹತ್ತಾರು ಬಗೆ. ಪರದೆಯ ಮೇಲೆ ರೆವಿಟ್ ಎಲ್ಲವನ್ನೂ ಕ್ಷಣದಲ್ಲಿ ಕತ್ತರಿಸಿಕೊಡುತ್ತದೆ. ಅಂಗಡಿಯಲ್ಲಿ ಅಷ್ಟನ್ನೂ ಅಳೆದು ಕತ್ತರಿಸುವವನ ಬಾಯಿಯಿಂದ ನಿಮ್ಮ ಬಗ್ಗೆ ಬರುವ ಮಾತುಗಳನ್ನು ಇಲ್ಲಿ ಬರೆಯುವಂತಿಲ್ಲ.

ಕುಂದಾಪ್ರದ ಹೆಂಚು
ಅದಕ್ಕೆ ಪರಿಹಾರ ಇದೆಯಲ್ಲ. ಕೆಳಗೊಂದು ಇಳಿಜಾರಿನ ಪಟ್ಟಿ ಕೊಟ್ಟು ಸರಳುಗಳನ್ನು ಅದರ ಮೇಲೆ ನಿಲ್ಲಿಸಿದರೆ ಎಲ್ಲದರ ಉದ್ದವೂ ಒಂದೇ ಆಗುತ್ತದೆ. ರೆವಿಟ್‌ನಲ್ಲಿ ರೇಲ್ ಸ್ಟ್ರಕ್ಚರ್‌ಗೆ ಹೋಗಿ ಒಂದು ಕೆಳಪಟ್ಟಿ ಸೇರಿಸಿ. ಬಳಿಕ ಬಾಲಸ್ಟರ್ ಪ್ಲೇಸ್‌ಮೆಂಟ್‌ನಲ್ಲಿ "ಬೇಸ್" ಎಂಬಲ್ಲಿ ಹೋಸ್ಟ್ (ಇಲ್ಲಿ ಮೆಟ್ಟಿಲು) ಬದಲು ಆ ಪಟ್ಟಿಯ ಹೆಸರನ್ನು ಆರಿಸಿದರೆ ಆಯಿತು. 115ರ ಸಾಲೂ ಉಳಿಯುತ್ತದೆ, ಅಂಗಡಿಯವರ ಬೈಗುಳವೂ ತಪ್ಪುತ್ತದೆ.

ನಕ್ಷೆಗಾರ
ಇಲ್ಲಿ ಎಲ್ಲರೂ ಎಡವುತ್ತಾರೆ, ಆದ್ದರಿಂದ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. ಆ ಕೆಳಪಟ್ಟಿಯನ್ನು ಮೆಟ್ಟಿಲುಗಳ ಮೂತಿಗೆ, ಅಂದರೆ ಮುಂದಿನ ಅಂಚಿಗೆ, ತಾಗುವಷ್ಟು ಕೆಳಗೆ ಇಟ್ಟರೂ ಟ್ರೆಡ್, ರೈಸರ್ ಮತ್ತು ಪಟ್ಟಿಯ ನಡುವೆ ಒಂದು ತ್ರಿಕೋನ ತೆರೆದೇ ಉಳಿಯುತ್ತದೆ. ಅದರ ಬಾಹುಗಳು 165, 270 ಮತ್ತು ಸುಮಾರು 316. ಅದರೊಳಗೆ ಹಿಡಿಸುವ ಅತಿ ದೊಡ್ಡ ಗೋಲದ ವ್ಯಾಸ ಲಂಬಬಾಹುಗಳೆರಡರ ಮೊತ್ತದಲ್ಲಿ ಕರ್ಣವನ್ನು ಕಳೆದಷ್ಟು: 435ರಲ್ಲಿ 316 ಕಳೆದರೆ 119 ಮಿಲಿಮೀಟರ್. ಅಂದರೆ ಸರಳುಗಳ ನಡುವೆ ತೂರದ 100ರ ಗೋಲ ಈ ತ್ರಿಕೋನದಲ್ಲಿ ಸಲೀಸಾಗಿ ತೂರುತ್ತದೆ. ಪಕ್ಕ ತೆರೆದ ಮೆಟ್ಟಿಲಿಗೆ ಇಂಗ್ಲೆಂಡಿನಲ್ಲಿ ಈ ಉಪಾಯ ಹೀಗೆ ಬಿದ್ದುಹೋಗುತ್ತದೆ. ಪಕ್ಕದಲ್ಲಿ ಹಲಗೆ ಮುಚ್ಚಿದ ಮೆಟ್ಟಿಲಾಗಿದ್ದರೆ ತ್ರಿಕೋನವೇ ಇರುವುದಿಲ್ಲ, ಆಗ ಕುಂದಾಪ್ರದವರ ಮಾತು ಪೂರ್ತಿ ಸರಿ.

ಮೂಲೆಮನೆ
ಅಬ್ಬಾ, ಮೊದಲ ಗುರುತಿನದೂ 119, ಇದೂ 119. ಬಾಗಿಲು ಬದಲಾದರೂ ಅದೇ ನೆಂಟ ಮನೆಗೆ ಬಂದಂತಾಯಿತು.

ಡಲ್ಲಾಸ್ ಕನ್ನಡತಿ
ಅಮೆರಿಕದ ಕೆಲಸ ಮಾಡುವವರಿಗಾಗಿ ಒಂದು ಮಾತು ಸೇರಿಸುತ್ತೇನೆ. ಇಲ್ಲಿನ ಇಂಟರ್‌ನ್ಯಾಷನಲ್ ಬಿಲ್ಡಿಂಗ್ ಕೋಡ್ ಸರಳುಗಳ ನಡುವೆ 4 ಇಂಚಿನ ಗೋಲ ತೂರಬಾರದು ಎನ್ನುತ್ತದೆ, ಆದರೆ ನಕ್ಷೆಗಾರ ಅವರು ಹೇಳಿದ ಆ ತ್ರಿಕೋನಕ್ಕೆ 6 ಇಂಚಿನವರೆಗೆ ವಿನಾಯಿತಿ ಕೊಡುತ್ತದೆ. ಆದ್ದರಿಂದ ಅದೇ ಮೆಟ್ಟಿಲು, ಅದೇ ಕೆಳಪಟ್ಟಿ ಇಲ್ಲಿ ಒಪ್ಪಿತವಾಗುತ್ತದೆ. ಇಲ್ಲಿಯ ಕಡತದ ರೇಲಿಂಗ್ ಮಾದರಿಯನ್ನು ಎತ್ತಿ ಲಂಡನ್ನಿನ ಕಡತಕ್ಕೆ ಅಂಟಿಸಬೇಡಿ.

ಇನ್ನೊಂದು, ಇಲ್ಲಿ ಕೈಹಿಡಿ ಮೇಲಿನ ರೈಸರನ್ನು ದಾಟಿ 12 ಇಂಚು ಮಟ್ಟಸವಾಗಿ ಮುಂದುವರಿಯಬೇಕು, ಕೆಳಗಡೆ ಒಂದು ಟ್ರೆಡ್‌ನಷ್ಟು ಇಳಿಜಾರಿನಲ್ಲೇ ಮುಂದುವರಿಯಬೇಕು. ಇದಕ್ಕಾಗಿ ಜನ ಇನ್ನೂ ರೇಲಿಂಗ್‌ನ ಗೆರೆಯನ್ನೇ ಉದ್ದ ಮಾಡುವುದನ್ನು ನೋಡುತ್ತೇನೆ. ಹಾಗೆ ಮಾಡಿದರೆ ಸರಳುಗಳೂ ಅದರ ಜೊತೆ ಹೊರಟುಬಿಡುತ್ತವೆ. ಕೈಹಿಡಿಯ ಮಾದರಿಯಲ್ಲೇ ಎಕ್ಸ್‌ಟೆನ್ಶನ್ ಎಂಬ ಭಾಗವಿದೆ, ಅದರಲ್ಲಿ "ಪ್ಲಸ್ ಟ್ರೆಡ್ ಡೆಪ್ತ್" ಎಂಬ ಚೌಕವನ್ನು ಗುರುತು ಮಾಡಿದರೆ ಕೆಳಗಿನದು ತಾನಾಗಿಯೇ ಬರುತ್ತದೆ. ನಿರಂತರ ಕೈಹಿಡಿ ರೆವಿಟ್ 2013ರಲ್ಲಿ ಬಂದಿತು, ಅದಕ್ಕೂ ಮೊದಲು ಇದನ್ನೆಲ್ಲ ಹೇಗೆ ಮಾಡುತ್ತಿದ್ದೆವು ಎಂಬುದನ್ನು ನೆನೆಯಲೂ ಮನಸ್ಸಿಲ್ಲ.

ಕರಡುಪ್ರತಿ
ಇಷ್ಟೆಲ್ಲ ಗೋಲದ ಲೆಕ್ಕ ಹಾಕುತ್ತಿದ್ದೀರಿ. ನಮ್ಮಲ್ಲಿ ಮನೆಮನೆಗೂ ಅಡ್ಡಡ್ಡ ಸ್ಟೀಲ್ ಪೈಪು ಹಾಕಿದ್ದಾರೆ, ಯಾರಿಗೂ ಏನೂ ಆಗಿಲ್ಲ.

ಸರಳುಕಂಬಿ
ಆಗಿಲ್ಲ ಎಂದು ಹೇಳಬೇಡಿ ಸ್ವಾಮಿ. ನಮ್ಮ ಅಕ್ಕನ ಮಗ ಮೂರು ವರ್ಷದವನಿದ್ದಾಗ ಬಾಲ್ಕನಿಯ ಅಡ್ಡ ಪೈಪುಗಳನ್ನು ಏಣಿಯಂತೆ ಏರಿ ಮೇಲಿನ ಪೈಪಿನ ಮೇಲೆ ಹೊಟ್ಟೆ ಊರಿಕೊಂಡು ತರಕಾರಿ ಗಾಡಿಯವನನ್ನು ಕೂಗುತ್ತಿದ್ದ. ಆ ರೇಲಿಂಗ್ ನಮ್ಮ ಅಂಗಡಿಯದೇ. ಮರುದಿನವೇ ನಮ್ಮ ತಂದೆ ಒಳಗಡೆಯಿಂದ ನಿಲುವು ಸರಳುಗಳನ್ನು ಬೆಸೆದರು. ಮಕ್ಕಳು ಸುಲಭವಾಗಿ ಹತ್ತುವಂತಿರಬಾರದು ಎಂದು ಇಂಗ್ಲೆಂಡಿನ ಆ ದಾಖಲೆಯೂ ಹೇಳುತ್ತದೆ. ಅದನ್ನು ಓದುವ ಮೊದಲೇ ನಮ್ಮ ಮನೆಯಲ್ಲಿ ನಿಯಮ ಬದಲಾಗಿತ್ತು.

ನಕ್ಷೆಗಾರ
ಎರಡನೆಯ ಗುರುತಿಗೆ ಬರೋಣ. ಮೂಲೆಮನೆಯವರು ಜಸ್ಟಿಫೈ ಎಂಬಲ್ಲಿ "ಸ್ಪ್ರೆಡ್ ಪ್ಯಾಟರ್ನ್ ಟು ಫಿಟ್" ಆರಿಸಿದ್ದಾರೆಂದು ಬಾಜಿ ಕಟ್ಟುತ್ತೇನೆ. ಆ ಆಯ್ಕೆಯಲ್ಲಿ ನೀವು ಟೈಪ್ ಮಾಡಿದ 110 ಒಂದು ಆಜ್ಞೆಯಲ್ಲ, ಸಲಹೆ ಮಾತ್ರ. ತುಂಡಿನ ಉದ್ದದಲ್ಲಿ ಉಳಿಕೆ ಬಾರದಂತೆ ರೆವಿಟ್ ಅಂತರವನ್ನು ತಾನೇ ಹೊಂದಿಸಿಕೊಳ್ಳುತ್ತದೆ. ನಿಮ್ಮ 1,080ರಲ್ಲಿ ಒಂಬತ್ತು ಅಂತರಗಳು ಕೂತಿವೆ, ತಲಾ 120. ಅದರಲ್ಲಿ 16 ಹೋದರೆ 104. ಉದ್ದನೆಯ ತುಂಡಿನಲ್ಲಿ ಉಳಿಕೆ ಹಲವು ಅಂತರಗಳಿಗೆ ಹಂಚಿಹೋಗುವುದರಿಂದ ವ್ಯತ್ಯಾಸ ಕಣ್ಣಿಗೂ ಬೀಳುವುದಿಲ್ಲ, ಇಂಥ ಗಿಡ್ಡ ತುಂಡುಗಳಲ್ಲಿ ಮಾತ್ರ ಕೆಲವೇ ಅಂತರಗಳ ಮೇಲೆ ಪೂರ್ತಿ ಭಾರ ಬೀಳುತ್ತದೆ. 105 ಎಂದು ಕೊಟ್ಟು ನೋಡಿ, ಹತ್ತು ಅಂತರಗಳು ತಲಾ 108 ಆದರೆ ಸಂದು 92 ಆಗುತ್ತದೆ. ಮುಖ್ಯವಾಗಿ, ಏನೇ ಕೊಟ್ಟರೂ ಕೊನೆಗೆ ಒಮ್ಮೆ ಅಳತೆಗೆರೆ ಹಾಕಿ ನೋಡಿ.

ಕುಂದಾಪ್ರದ ಹೆಂಚು
ನಾನು ಸ್ಪ್ರೆಡ್ ಬಳಸುವುದೇ ಇಲ್ಲ. "ಸೆಂಟರ್" ಆರಿಸಿ, ಎರಡು ತುದಿಗಳ ಉಳಿಕೆಗೆ ಎಕ್ಸೆಸ್ ಲೆಂಗ್ತ್ ಫಿಲ್‌ನಲ್ಲಿ ಅದೇ ಸರಳಿನ ಫ್ಯಾಮಿಲಿ, ಅಂದರೆ ಸಿದ್ಧ ಮಾದರಿ, ಕೊಡುತ್ತೇನೆ. ಮೂಲೆಗಳಲ್ಲಿ ಎರಡು ಸರಳುಗಳು ಒತ್ತಿಕೊಂಡು ನಿಲ್ಲದಿರಲು ಇನ್ನೊಂದು ಅಭ್ಯಾಸವಿದೆ. 110ರ ಅಂತರವನ್ನು ಪೂರ್ತಿ ಸರಳಿನ ಹಿಂದೆ ಇಡದೆ, ಸರಳಿಗೆ 55 ಮತ್ತು ಪ್ಯಾಟರ್ನ್ (ಮರುಕಳಿಸುವ ಸರಳುಗಳ ವಿನ್ಯಾಸ) ಮುಗಿಯುವ ಸಾಲಿಗೆ 55 ಎಂದು ಅರ್ಧರ್ಧ ಹಂಚುತ್ತೇನೆ. ಆಗ ಪ್ರತಿ ತುಂಡೂ ಅರ್ಧ ಅಂತರದಿಂದ ಆರಂಭವಾಗಿ ಅರ್ಧ ಅಂತರದಲ್ಲೇ ಮುಗಿಯುತ್ತದೆ, ಕಂಬದ ಎರಡೂ ಮಗ್ಗುಲು ಸಮವಾಗಿ ಕಾಣುತ್ತದೆ.

ಗಾಜಿನಮನೆ
ಗಾಜಿನ ರೇಲಿಂಗ್ ಮಾಡುವವರ ಗೋಳು ಬೇರೆ. ಬಾಲಸ್ಟರ್ ಪ್ಯಾನೆಲ್ ಫ್ಯಾಮಿಲಿಯ ಅಗಲ ನಿಗದಿಯಾದದ್ದು, ಅದು ರಬ್ಬರಿನಂತೆ ಹಿಗ್ಗುವುದಿಲ್ಲ. ಸ್ಪ್ರೆಡ್ ಕೊಟ್ಟರೆ ಗಾಜುಗಳ ನಡುವೆ ಸಂದು ಬಿಡುತ್ತದೆ. "ಟ್ರಂಕೇಟ್" ಕೊಟ್ಟರೆ ಗಾಜು ಕತ್ತರಿಸಿಕೊಳ್ಳುತ್ತದೆ ಎಂದು ಅನೇಕರು ಭಾವಿಸಿದ್ದಾರೆ. ವಾಸ್ತವದಲ್ಲಿ ಪ್ಯಾಟರ್ನ್ ಅಲ್ಲಿಗೆ ನಿಲ್ಲುತ್ತದೆಯೇ ಹೊರತು ಗಾಜು ಕಿರಿದಾಗುವುದಿಲ್ಲ. ಕಟ್ಟಡದಲ್ಲಂತೂ ಟಫನ್ ಮಾಡಿದ (ಕಾಯಿಸಿ ಗಟ್ಟಿಗೊಳಿಸಿದ) ಗಾಜನ್ನು ಆಮೇಲೆ ಕತ್ತರಿಸುವಂತೆಯೇ ಇಲ್ಲ. ಮಟ್ಟಸ ಬಾಲ್ಕನಿಯಾದರೆ ನಾನು ರೇಲಿಂಗ್ ಬಿಟ್ಟು ಕರ್ಟನ್ ವಾಲ್ (ಗಾಜಿನ ಗೋಡೆಯ ಉಪಕರಣ) ಬಳಸುತ್ತೇನೆ. ಮೆಟ್ಟಿಲಿನ ಇಳಿಜಾರಿಗೆ ಮಾತ್ರ ಅದು ಬಾಗುವುದಿಲ್ಲ, ಅಲ್ಲಿ ಪ್ಯಾನೆಲ್ ಫ್ಯಾಮಿಲಿಯೇ ಗತಿ.

ಹಳೆಗನ್ನಡಿ
ಚರ್ಚೆಯ ನಡುವೆ ಒಂದು ವಿನಂತಿ. ರೇಲಿಂಗ್‌ಗೆ ನಮ್ಮಲ್ಲಿ "ಕಟಾಂಜನ" ಎಂಬ ಚೆಂದದ ಮಾತಿದೆ, ಅದನ್ನು ಯಾಕೆ ಯಾರೂ ಬಳಸುತ್ತಿಲ್ಲ?

ಸರಳುಕಂಬಿ
ಬಳಸಬಹುದು, ಆದರೆ ನಮ್ಮ ಅಂಗಡಿಗೆ ಬಂದು ಕಟಾಂಜನ ಬೇಕು ಎಂದರೆ ಪಕ್ಕದ ಆಯುರ್ವೇದದ ಅಂಗಡಿಗೆ ಕಳಿಸುತ್ತಾರೆ.

ನಕ್ಷೆಗಾರ
ಹಳೆಗನ್ನಡಿಯವರ ಮಾತನ್ನು ನಗೆಯಲ್ಲಿ ತೇಲಿಸಬೇಡಿ. ಸಾಂಚಿಯ ಸ್ತೂಪದ ಸುತ್ತಲಿನ ಕಲ್ಲಿನ ವೇದಿಕೆಯ, ಅಂದರೆ ಕಟಾಂಜನದ, ಭಾಗಗಳಿಗೆ ಸ್ತಂಭ, ಸೂಚಿ, ಉಷ್ಣೀಷ ಎಂಬ ಹೆಸರುಗಳಿವೆ: ನಿಲ್ಲುವ ಕಂಬ, ಅಡ್ಡ ಪಟ್ಟಿ, ತಲೆಯ ಮೇಲಿನ ಪಟ್ಟಿ. ರೆವಿಟ್‌ನಲ್ಲಿ ಪೋಸ್ಟ್, ರೇಲ್, ಟಾಪ್ ರೇಲ್ ಎಂದು ನಾವು ತುಂಬುವ ಕೋಷ್ಟಕವೂ ಇದೇ. ನಾನು ನಮ್ಮ ಕಚೇರಿಯ ಟೆಂಪ್ಲೇಟ್‌ನಲ್ಲಿ ಮೇಲಿನ ಪಟ್ಟಿಗೆ ಉಷ್ಣೀಷ ಎಂದೇ ಹೆಸರಿಟ್ಟಿದ್ದೆ. ಒಂದು ವಾರದೊಳಗೆ ಯಾರೋ ಅದನ್ನು ಅಳಿಸಿ "ಟಾಪ್ ರೇಲ್ ಫೈನಲ್ 2" ಎಂದು ಬರೆದಿದ್ದರು.

ಮೂಲೆಮನೆ
ಎರಡು ಗುರುತುಗಳು ಸರಿಹೋದವು. ಟ್ರೆಡ್‌ಗೆ ಮೂರು ಸರಳುಗಳನ್ನು ಇಡಲು ನಮ್ಮ ಮೇಲಿನವರೂ ಒಪ್ಪಿದರು, ಆ ತ್ರಿಕೋನದ ಚಿತ್ರ ಬರೆದು ತೋರಿಸಿದ ಮೇಲೆ ಜೈಲಿನ ಮಾತು ಬರಲಿಲ್ಲ. ಇನ್ನು ಉಳಿದದ್ದು ಆ ಜಿಗಿತ. ಲ್ಯಾಂಡಿಂಗ್ ಹೈಟ್ ಅಡ್ಜಸ್ಟ್‌ಮೆಂಟ್ ಬದಲಿಸಿದೆ, ಸ್ಕೆಚ್ಚಿನಲ್ಲಿ ಎಡಿಟ್ ಜಾಯಿನ್ಸ್‌ನ ಎಲ್ಲ ಆಯ್ಕೆಗಳನ್ನೂ ನೋಡಿದೆ. ಜಿಗಿತ ಒಂದು ಕಡೆ ಅಡಗಿದರೆ ಇನ್ನೊಂದು ಕಡೆ ಎದ್ದೇಳುತ್ತದೆ.

ನಕ್ಷೆಗಾರ
ಏನು ಮಾಡಿದರೂ ಅದು ಹೋಗುವುದಿಲ್ಲ, ಏಕೆಂದರೆ ಜಿಗಿತ ಇರುವುದು ನಿಮ್ಮ ಮೆಟ್ಟಿಲಿನಲ್ಲಿ, ರೇಲಿಂಗ್‌ನಲ್ಲಲ್ಲ. ಕಾಗದದ ಮೇಲೆ ಬರೆದು ನೋಡಿ. ಕೆಳಗಿನ ಸಾಲಿನ ಕೊನೆಯ ರೈಸರ್ ಮತ್ತು ಮೇಲಿನ ಸಾಲಿನ ಮೊದಲ ರೈಸರ್ ನಿಮ್ಮ ನಕ್ಷೆಯಲ್ಲಿ ಒಂದೇ ನೇರದಲ್ಲಿವೆ. ಕೆಳಗಿನಿಂದ ಬರುವ ಕೈಹಿಡಿ ಆ ಗೆರೆಯನ್ನು ಮುಟ್ಟಿದಾಗ ಲ್ಯಾಂಡಿಂಗ್‌ಗಿಂತ 900 ಎತ್ತರದಲ್ಲಿರುತ್ತದೆ. ಅದೇ ಗೆರೆಯಿಂದ ಹೊರಡುವ ಮೇಲಿನ ಕೈಹಿಡಿ ಮೊದಲ ಮೆಟ್ಟಿಲಿನ ಮೂತಿಗಿಂತ 900 ಎತ್ತರದಲ್ಲಿ, ಅಂದರೆ ಲ್ಯಾಂಡಿಂಗ್‌ಗಿಂತ 1,065ರಲ್ಲಿ ಇರುತ್ತದೆ. ನಡುವೆ ಒಂದು ರೈಸರ್‌ನಷ್ಟು, 165 ಮಿಲಿಮೀಟರ್, ಗಾಳಿಯಲ್ಲಿ ತೂಗುತ್ತದೆ. ರೆವಿಟ್ ಅದನ್ನು ಮುಚ್ಚಿಡದೆ ನೆಟ್ಟಗೆ ತೋರಿಸುತ್ತದೆ, ನಾವು ಅದನ್ನು ಬೈಯುತ್ತೇವೆ.

ಮೇಲಿನ ಸಾಲನ್ನು ಒಂದು ಟ್ರೆಡ್‌ನಷ್ಟು, 270 ಮಿಲಿಮೀಟರ್, ಲ್ಯಾಂಡಿಂಗ್‌ನಿಂದ ಆಚೆಗೆ ಸರಿಸಿದರೆ ಅದರ ಕೈಹಿಡಿಯ ಇಳಿಜಾರು ಕೆಳಗೆ ಇಳಿದು ಬಂದು ಅದೇ ಹಳೆಯ ಗೆರೆಯ ಮೇಲೆ ಸರಿಯಾಗಿ 900ರಲ್ಲಿ ಸೇರುತ್ತದೆ. ಎರಡೂ ಕೈಹಿಡಿಗಳು ಮಟ್ಟಸವಾಗಿ ತಿರುಗಿ ಒಂದಾಗುತ್ತವೆ. ಯಾವ ಜಾಯಿನ್ಸ್ ಆಯ್ಕೆಯೂ ಬೇಡ.

ಸರಳುಕಂಬಿ
ಇದು ನೂರಕ್ಕೆ ನೂರು ಸತ್ಯ. ನಮ್ಮ ತಂದೆ ಇದಕ್ಕೆ ಪೈಪನ್ನು ಹಂಸದ ಕೊರಳಿನ ಹಾಗೆ ಬಾಗಿಸಿ ಸೇರಿಸುತ್ತಿದ್ದರು. ನಕ್ಷೆ ಮಾಡಿದವರಿಗೆ ಅಲ್ಲಿ ತೊಡಕಿತ್ತು ಎಂಬುದೇ ತಿಳಿಯುತ್ತಿರಲಿಲ್ಲ.

ಮೂಲೆಮನೆ
ಅರ್ಥವಾಯಿತು, ಆದರೆ ಮೇಲಿನ ಸಾಲು 270 ಸರಿದರೆ ಮೇಲಿನ ಪ್ಯಾಸೇಜ್ ಅಷ್ಟೇ ಕಿರಿದಾಗುತ್ತದೆ. ಅಲ್ಲಿ ಈಗಲೇ ಇಬ್ಬರು ಎದುರುಬದುರಾದರೆ ಒಬ್ಬರು ಗೋಡೆಗೆ ಒರಗಬೇಕು.

ಡಲ್ಲಾಸ್ ಕನ್ನಡತಿ
ಹಾಗಾದರೆ ತಿರುವಿನಲ್ಲಿ ದಪ್ಪನೆಯ ನ್ಯೂಯೆಲ್ ಕಂಬ ನಿಲ್ಲಿಸಿ. ಇಂಗ್ಲೆಂಡಿನ ಮನೆಗಳಲ್ಲಿ ಅದೇ ರೂಢಿ. ಕೆಳಗಿನ ಕೈಹಿಡಿ ಕಂಬದ ಒಂದು ಮಗ್ಗುಲಿಗೆ 900ರಲ್ಲಿ ಸೇರಲಿ, ಮೇಲಿನದು ಇನ್ನೊಂದು ಮಗ್ಗುಲಿನಿಂದ 1,065ರಲ್ಲಿ ಹೊರಡಲಿ. ಎರಡೂ ಕಂಬದಲ್ಲಿ ಮುಗಿಯುವುದರಿಂದ ಎತ್ತರದ ವ್ಯತ್ಯಾಸ ತಪ್ಪಿನಂತೆ ಕಾಣುವುದಿಲ್ಲ. ರೆವಿಟ್‌ನಲ್ಲಿ ಒಂದೇ ಗೆರೆಯಲ್ಲಿ ಇದನ್ನು ಮಾಡಲು ಗುದ್ದಾಡಬೇಡಿ. ರೇಲಿಂಗನ್ನು ಎರಡಾಗಿ ಒಡೆಯಿರಿ, ಕಂಬವನ್ನು ಬೇರೆ ಫ್ಯಾಮಿಲಿಯಾಗಿ ಇಡಿ. ಒಡೆದ ಮೇಲೆ ಎರಡನೆಯ ತುಂಡು ಮೆಟ್ಟಿಲನ್ನು ಬಿಟ್ಟು ನೆಲದಲ್ಲಿ ಮಲಗಿದರೆ ಗಾಬರಿ ಬೇಡ, "ಪಿಕ್ ನ್ಯೂ ಹೋಸ್ಟ್" ಒತ್ತಿ ಮೆಟ್ಟಿಲನ್ನು ತೋರಿಸಿದರೆ ಎದ್ದು ನಿಲ್ಲುತ್ತದೆ.

ನಕ್ಷೆಗಾರ
ನನಗೆ ಕಂಬದ ಉಪಾಯಕ್ಕಿಂತ ಮೆಟ್ಟಿಲು ಸರಿಸುವುದೇ ಇಷ್ಟ, ಆದರೆ ಜಾಗ ಇಲ್ಲದ ಕಡೆ ವಾದ ಮಾಡಿ ಪ್ರಯೋಜನವಿಲ್ಲ. ಕನ್ನಡತಿ ಮೇಡಂ ಹೇಳಿದಂತೆ ಮಾಡಿ. ಕಳಿಸುವ ಮೊದಲು 100 ಮಿಲಿಮೀಟರಿನ ಒಂದು ಗೋಲವನ್ನು ಜೆನೆರಿಕ್ ಮಾಡೆಲ್ ಆಗಿ ಮಾಡಿಟ್ಟುಕೊಂಡು ಪ್ರತಿ ಸಂದಿನ ಎದುರಿಗೂ ಎಳೆದು ನೋಡಿ. ಕೆಂಪು ಬಣ್ಣ ಕೊಡಿ, ಬೇಗ ಕಾಣುತ್ತದೆ. ಕಂಬ ಮತ್ತು ಮೊದಲ ಸರಳಿನ ನಡುವಿನ ಸಂದನ್ನು ಮರೆಯುವವರೇ ಹೆಚ್ಚು.

ಸರಳುಕಂಬಿ
ನಮ್ಮ ತಂದೆಯ ಗೋಲ ಒಂದು ಸುಲಿದ ತೆಂಗಿನಕಾಯಿ. ಕ್ಯಾಲಿಪರ್‌ನಲ್ಲಿ ಅಳೆದು ಆರಿಸಿಟ್ಟದ್ದು. ಒಮ್ಮೆ ಹಬ್ಬದ ದಿನ ಅಮ್ಮ ಅದನ್ನು ಒಡೆದು ಚಟ್ನಿ ಮಾಡಿಬಿಟ್ಟರು, ಆ ವಾರದ ರೇಲಿಂಗ್‌ಗಳನ್ನೆಲ್ಲ ಟೇಪಿನಲ್ಲಿ ಅಳೆದರು.

ಮೂಲೆಮನೆ
ಮೂರು ದಿನ ತಡವಾಗಿ ಬರೆಯುತ್ತಿದ್ದೇನೆ, ಕ್ಷಮಿಸಿ. ರೇಲಿಂಗನ್ನು ಎರಡಾಗಿ ಒಡೆದು 90 ಮಿಲಿಮೀಟರಿನ ಚೌಕ ಕಂಬ ನಿಲ್ಲಿಸಿದೆ. ಕೆಂಪು ಗೋಲ ಒಂದೇ ಕಡೆ ತೂರಿತು, ನಕ್ಷೆಗಾರ ಸರ್ ಹೇಳಿದ ಆ ಕಂಬದ ಪಕ್ಕದಲ್ಲೇ, ಅಲ್ಲಿಗೆ ಇನ್ನೊಂದು ಸರಳು ಸೇರಿಸಿದೆ. ನಕ್ಷೆ ಇಂದು ಬೆಳಿಗ್ಗೆ ಮರಳಿ ಬಂತು. ರೇಲಿಂಗ್‌ನ ಮೂರೂ ಗುರುತುಗಳು ಮಾಯವಾಗಿವೆ. ಲ್ಯಾಂಡಿಂಗ್‌ನ ಪಕ್ಕದ ಕಪಾಟಿನ ಬಾಗಿಲು ತೆರೆದಾಗ ಹೊಸ ಕಂಬಕ್ಕೆ ಬಡಿಯುತ್ತದೆ ಎಂದು ನಾಲ್ಕನೆಯದೊಂದು ಬಂದಿದೆ.

ಕರಡುಪ್ರತಿ
ಆರ್ಕಿಕ್ಯಾಡ್‌ನಲ್ಲಿ ಕಪಾಟಿನ ಬಾಗಿಲಿಗೂ ಉಪಕರಣ ಇದೆ.